ಚಿಟ್ಟೆ ಮಲಗುವ ಜಾಗ

...ಸ್ವಲ್ಪ ನಿಲ್ಲಿ ಯಜಮಾನ್ರೇ, ಒಂದೇ ನಿಮಿಷ. ಈ ರಸ್ತೆ ಹಳೇ ರೈಲ್ವೆ ಗೇಟಿಗೆ ಹೋಗುತ್ತಾ? ಹೋಗಲ್ವಾ? ಮತ್ತೆ ಹಿಂದೆ ಸಿಮೆಂಟ್ ಗೋದಾಮಿನ ಹತ್ರ ಒಬ್ಬರು ಇದೇ ಅಂದ್ರಲ್ಲ... ಓ, ಮುಂದೆ ನೀರಿನ ಟ್ಯಾಂಕು. ಅಲ್ಲಿ ಎಡಕ್ಕೆ. ಆಮೇಲೆ ನೆಟ್ಟಗೆ. ಸರಿ. ಹಾಂ, ಗೇಟಿನ ಪಕ್ಕ ಚಿಟ್ಟೆ ಸಂಘದ ಹೊಸ ಆಫೀಸಿದೆಯಂತೆ, ನಾನಿನ್ನೂ ನೋಡಿಲ್ಲ, ಅಲ್ಲಿಗೆ. ಚಿಟ್ಟೆ... ಹಾರೋ ಚಿಟ್ಟೆನೇ. ಅದಕ್ಕೂ ಒಂದು ಸಂಘ ಇದೆ, ನಗಬೇಡಿ. ಉಪಕಾರ ಆಯ್ತು.

ಕೇಳಿಸ್ಕೊಂಡ್ಯಲ್ಲ? ನೀರಿನ ಟ್ಯಾಂಕು, ಎಡಕ್ಕೆ. ನನಗೆ ನೆನಪು ಮಾಡು. ಇಲ್ಲ, ಫೋನು ತೆಗೀಬೇಡ. ಆ ಮ್ಯಾಪಿನ ಹೆಂಗಸು ಮಾತಾಡೋಕೆ ಶುರು ಮಾಡಿದ್ರೆ ನನಗೆ ಎಡ ಯಾವುದು ಬಲ ಯಾವುದು ಅನ್ನೋದೇ ಮರೆತುಹೋಗುತ್ತೆ. ಅವಳ ಹಂಗಿಲ್ಲದೆ ಏಳು ದೇಶ ಸುತ್ತಿದ್ದೀನಿ. ಮರಳುಗಾಡಲ್ಲಿ ಒಂಟೆಯವನ ಬೆರಳು ನೋಡ್ಕೊಂಡೇ ಮೂರು ದಿನ ಹೋದೋಳು, ಊರೊಳಗೆ ಒಂದು ಆಫೀಸು ಹುಡುಕಲಾರೆನಾ? ...ಮುಕ್ಕಾಲು ಗಂಟೆಯಿಂದ ಹುಡುಕ್ತಾನೇ ಇದ್ದೀರಲ್ಲ ಅಂತೀಯ. ಬಾಯಲ್ಲಿ ಅನ್ನಲಿಲ್ಲ, ಗೊತ್ತು. ಗಡಿಯಾರ ನೋಡಿದೆ. ಎರಡೂ ಒಂದೇ.

ಅವರು ಕರೆದಿರೋದು ಹನ್ನೊಂದಕ್ಕೆ. ಈಗ ಹತ್ತೂ ಕಾಲು. ಸುಮ್ಮನೆ ಕೂತ್ಕೋ. ಆ ಲಕೋಟೆನ ಹಾಗೆ ಹಿಂಡಬೇಡ, ಒಳಗಿರೋ ಪ್ರಿಂಟು ಮಡಿಸಿಕೊಳ್ಳುತ್ತೆ. ಅವರ ಮುಂದೆ ಇಡೋಕೆ ನಿನ್ನ ಹತ್ರ ಇರೋದೇ ಅಷ್ಟು, ಒಂದು ಪ್ರಿಂಟು, ಒಂದು ಮೆಮೊರಿ ಕಾರ್ಡು. ವರ್ಷದ ಚಿಟ್ಟೆ ಚಿತ್ರ, ಸಹಜ ನೆಲೆ ವಿಭಾಗ, ಮೊದಲ ಬಹುಮಾನ. ಈಗ ಅದರ ಮೇಲೆ ಯಾರದೋ ದೂರು. ಇವತ್ತು ಅವರಿಗೆ ನಂಬಿಕೆ ಬರಲಿಲ್ಲ ಅಂದ್ರೆ ಬಹುಮಾನದ ಪಟ್ಟಿಯಿಂದ ನಿನ್ನ ಹೆಸರು ತೆಗೀತಾರೆ, ಮುಂದೆ ಯಾವ ಸ್ಪರ್ಧೆಗೂ ಸೇರಿಸಲ್ಲ, ಸಂಘದ ಹೊಸ ಚಿಟ್ಟೆ ಪುಸ್ತಕದ ಮುಖಪುಟಾನೂ ಹೋಯ್ತು. ಮೋಸ ಮಾಡಿದೋಳು ಅನ್ನೋ ಮಾತು ಮಾತ್ರ ಉಳ್ಕೊಳ್ಳುತ್ತೆ. ಹೆದರಿಸ್ತಾ ಇಲ್ಲ ಕಣೇ. ಇದ್ದದ್ದು ಹೇಳ್ತಾ ಇದ್ದೀನಿ. ಅದಕ್ಕೇ ಅಲ್ವಾ ನೀನು ಬಸ್ಸಲ್ಲಿ ಹೋಗ್ತೀನಿ ಅಂದ್ರೂ ಕೇಳದೆ ನಾನು ಕಾರು ತೆಗೆದಿದ್ದು.

ನಿಮ್ಮ ಭಾವ ಬಾಗಿಲಲ್ಲಿ ನಿಂತು ಏನಂದ್ರು ಕೇಳಿಸ್ತಾ? "ಓರಗಿತ್ತಿಯರು ಇಬ್ಬರೂ ಒಂದೇ ಕಾರಲ್ಲಿ, ಅದೂ ಒಂದೇ ಕಡೆ ಮುಖ ಮಾಡ್ಕೊಂಡು. ಮೊದಲು ಇದರ ಫೋಟೋ ತೆಗೀರಪ್ಪ ಯಾರಾದ್ರೂ." ಅಣ್ಣ ತಮ್ಮ ಇಬ್ಬರಿಗೂ ಹೆಂಡತಿಯರ ವಿಷಯ ಅಂದ್ರೆ ತಮಾಷೆ. ನನ್ನ ಗಂಡ ಬಾಯಿಬಿಟ್ಟು ನಗ್ತಾರೆ, ನಿನ್ನ ಗಂಡ ಪೇಪರ್ ಹಿಂದೆ ನಗ್ತಾನೆ. ...ನಕ್ಕೆಯಾ? ಹೂಂ, ಸದ್ಯ. ತುಟಿ ಅಲ್ಲಾಡಿತು.

ನೋಡು, ಒಳಗೆ ಹೋದ ತಕ್ಷಣ ಮೊದಲು ಕೇಳೋದು ಹೇಗೆ ಕಲಿತೆ ಅಂತ. ಆಗ ನೀನು ಅವರ ಮುಖಾನೂ ನೋಡದೆ ಸುಮ್ನಿದ್ದುಬಿಡ್ತೀಯ. ಬಾಯಲ್ಲಿ ಗುಂಡುಸೂಜಿ ಕಚ್ಕೊಂಡು ಇಪ್ಪತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು, ಮಾತಾಡೋ ಅಭ್ಯಾಸಾನೇ ಹೋಗಿದೆ ನಿನಗೆ. ಅಲ್ಲಿ ಹಾಗೆ ಮಾಡಬೇಡ. "ನಮ್ಮಕ್ಕ ಕಲಿಸಿದ್ರು" ಅನ್ನು. ನನ್ನ ಹೆಸರು ಹೇಳಿದ್ರೆ ಅವರಿಗೆ ಸ್ವಲ್ಪ ಗೌರವ ಬರುತ್ತೆ. ಸುಳ್ಳೇನಲ್ಲವಲ್ಲ. ಕ್ಯಾಮೆರಾ ಯಾರದು? ನನ್ನದು. ಹಳೇದು ಇರಬಹುದು, ನಾನು ಬಿಸಾಕಬೇಕು ಅಂತ ಇಟ್ಟಿದ್ದು ಇರಬಹುದು, ಗುಂಡಿ ಒತ್ತಿದ್ರೆ ಎರಡಕ್ಕೊಂದು ಸಲ ಕೆಲಸ ಮಾಡೋದು ಇರಬಹುದು. ಆದ್ರೂ ನನ್ನದು.

ನೀನು ತೆಗೆದ ಮೊದಲನೇ ಚಿಟ್ಟೆ ನೆನಪಿದೆಯಾ? ಗೋಡೆಗೆ ಸುಣ್ಣ ಚಿಮ್ಮಿದ ಹಾಗಿತ್ತು. ಎಲ್ಲಿದೆಯೇ ಚಿಟ್ಟೆ ಅಂದ್ರೆ ಒಂದು ಮೂಲೆ ತೋರಿಸಿದೆ. ಆವತ್ತು ಹಿತ್ತಲಲ್ಲಿ ಮಂಡಿಯೂರಿ ನಾನು ಹೇಳಿಕೊಟ್ಟೆ, ಹತ್ತಿರದಿಂದ ತೆಗೆಯೋವಾಗ ಎಲ್ಲಾನೂ ಸ್ಪಷ್ಟ ಬರಲ್ಲ ಕಣೇ, ಕೂದಲೆಳೆಯಷ್ಟು ಜಾಗ ಮಾತ್ರ ಬರುತ್ತೆ, ಆ ಕೂದಲೆಳೆ ಚಿಟ್ಟೆಯ ಕಣ್ಣಿನ ಮೇಲಿರಬೇಕು. ರೆಕ್ಕೆ ಮಸುಕಾದ್ರೂ ಕ್ಷಮಿಸ್ತಾರೆ, ಕಣ್ಣು ಮಸುಕಾದ್ರೆ ಇಲ್ಲ. ರೆಕ್ಕೆ ಮುಚ್ಚಿ ಕೂತಿದ್ರೆ ಪಕ್ಕಕ್ಕೆ ಬಾ, ಕ್ಯಾಮೆರಾದ ಮುಖ ರೆಕ್ಕೆಗೆ ಸರಿಸಮ ಹಿಡಿ, ಬಾಗಿಲಿಗೆ ಬಾಗಿಲು ಎದುರಾದ ಹಾಗೆ. ಮೇಲಿಂದ ತೆಗೀಬೇಡ, ಅದು ನಮ್ಮ ಕಾಲ ಕೆಳಗೆ ಬದುಕೋ ಪ್ರಾಣಿ ಅನ್ನಿಸಿಬಿಡುತ್ತೆ, ಅದರ ಎತ್ತರಕ್ಕೆ ಬಗ್ಗು. ಹಿಂದಿನ ಎಲೆ ದೂರ ಇರೋ ಜಾಗ ನೋಡು, ಆಗ ಹಿನ್ನೆಲೆ ಬೆಣ್ಣೆ ಸವರಿದ ಹಾಗೆ ಬರುತ್ತೆ. ನೆರಳು ಬೀಳಿಸಬೇಡ, ನೆರಳು ಬಿತ್ತು ಅಂದ್ರೆ ಹಕ್ಕಿ ಬಂತು ಅಂದ್ಕೊಂಡು ಹಾರುತ್ತೆ. ಇಷ್ಟೂ ನಾನು ಹೇಳಿದ್ದು. ನನ್ನ ವರ್ಕ್‌ಶಾಪಿಗೆ ಬಂದು ಜನ ಎರಡು ದಿನ ಕೂತು ಕೇಳೋದನ್ನ ನಿನಗೆ ಬಟ್ಟೆ ಒಣಹಾಕೋ ಹೊತ್ತಲ್ಲಿ ಹೇಳಿಕೊಟ್ಟೆ.

ಆಮೇಲೆ ನಾನು ಊರೂರು ಸುತ್ತೋಕೆ ಹೋದೆ. ವಾಪಸು ಬಂದಾಗೆಲ್ಲ ನಿನ್ನ ಹತ್ರ ಒಂದೊಂದು ಹೊಸದು.

ಆ ಲೈನಿಂಗ್ ಬಟ್ಟೆ. ಫ್ಲ್ಯಾಶಿನ ಬೆಳಕು ರೆಕ್ಕೆ ಮೇಲೆ ಬಿದ್ದು ಬಿಳಿಚಿಕೊಳ್ಳುತ್ತೆ ಅಂತ ನಾನು ಬೇರೆ ದೇಶದಿಂದ ಬೆಳಕು ಮೆತ್ತಗೆ ಮಾಡೋ ಒಂದು ಪೆಟ್ಟಿಗೆ ತರಿಸಿದ್ದೆ, ಕೊಡೆಯಷ್ಟು ದೊಡ್ಡದು, ಚಿಟ್ಟೆ ಅದನ್ನ ನೋಡಿದ್ರೇ ಓಡಿಹೋಗೋದು. ನೀನೇನು ಮಾಡಿದೆ? ಕಸೂತಿ ಚೌಕಟ್ಟಿಗೆ ಬಿಳಿ ಲೈನಿಂಗ್ ಬಿಗಿದು ಫ್ಲ್ಯಾಶಿನ ಮುಂದೆ ದಾರದಲ್ಲಿ ಕಟ್ಟಿದೆ. ಅಷ್ಟೇ. ರೆಕ್ಕೆ ಮೇಲಿನ ಪುಡಿಯಂಥ ಹುರುಪೆಯೂ ಕಾಣೋ ಹಾಗೆ ಬಂತು ಚಿತ್ರ. ಆವತ್ತು ನಾನು ಏನಂದೆ? "ಚೆನ್ನಾಗಿದೆ" ಅಂದೆ. ನನಗೆ ಆ ಮಾತು ಬಾಯಿಂದ ಬರೋಕೆ ಎಷ್ಟು ಹೊತ್ತಾಯ್ತು ಅಂತ ನೀನು ಗಮನಿಸಿದೆ. ಗಮನಿಸಿದೆ, ಬಿಡು, ತಲೆ ಅಲ್ಲಾಡಿಸಬೇಡ.

ಆಮೇಲೆ ಆ ಟೇಪು. ಜಗತ್ತಿನ ಎಲ್ಲಾ ಫೋಟೋಗ್ರಾಫರ್‌ಗಳೂ ಲೆನ್ಸ್ ತಿರುಗಿಸಿ ತಿರುಗಿಸಿ ಫೋಕಸ್ ಹುಡುಕ್ತಾರೆ. ಇವಳು ಅಳತೆ ಟೇಪಲ್ಲಿ ಅಳೆದು ಒಂದು ಗೇಣಿಗೆ ಲೆನ್ಸ್ ನಿಲ್ಲಿಸಿಬಿಡ್ತಾಳೆ. ಆಮೇಲೆ ಅದನ್ನ ಮುಟ್ಟೋದೇ ಇಲ್ಲ. ಮೈಯನ್ನೇ ಹಿಂದೆ ಮುಂದೆ ಮಾಡೋದು. ಸೂಜಿಗೆ ದಾರ ಪೋಣಿಸೋವಾಗ ಉಸಿರು ಹಿಡೀತೀಯಲ್ಲ, ಹಾಗೆ ಉಸಿರು ಹಿಡಿದು, ಕಣ್ಣು ಸ್ಪಷ್ಟ ಆದ ಕ್ಷಣಕ್ಕೆ ಒತ್ತೋದು. ನಾನು ನೂರಕ್ಕೆ ಮೂರು ಚಿತ್ರ ಉಳಿಸ್ಕೋತೀನಿ. ನೀನು ನೂರಕ್ಕೆ ನಲವತ್ತು. ಅದನ್ನ ನನಗೆ ಹೇಳಿದ್ದು ನೀನಲ್ಲ, ನಿನ್ನ ಗಂಡ. ಊಟಕ್ಕೆ ಕೂತಾಗ, ಎಲ್ಲರ ಮುಂದೆ, ಅತ್ತೆಯ ಮುಂದೆ. ಅತ್ತೆ ನನ್ನ ಕಡೆ ತಿರುಗಿ, "ನೀನು ಅಷ್ಟು ದೂರ ಹೋಗಿ ಎಷ್ಟು ತರ್ತೀಯಮ್ಮ?" ಅಂದ್ರು. ಪಾಪ, ಬೇಕಂತ ಅಂದಿದ್ದಲ್ಲ. ಬೇಕಂತ ಅಂದಿದ್ರೆ ಇಷ್ಟು ನೋಯ್ತಾ ಇರಲಿಲ್ಲ.

ಏನು? ...ಟ್ಯಾಂಕು ದಾಟಿತಾ? ಯಾವಾಗ? ಹೇಳಬಾರದಿತ್ತಾ ನೀನು? ಕೈ ತೋರಿಸಿದೆಯಾ... ನಾನು ರಸ್ತೆ ನೋಡ್ಬೇಕಾ, ನಿನ್ನ ಕೈ ನೋಡ್ಬೇಕಾ? ಸರಿ, ಇಲ್ಲೇ ಎಲ್ಲಾದರೂ ಬಲಕ್ಕೆ ತಿರುಗಿ ಸುತ್ತು ಹಾಕಿದ್ರೆ ಆಯ್ತು.

ಅಣ್ಣಾ, ಪಂಕ್ಚರ್ ಅಂಗಡಿ ಅಣ್ಣಾ. ರೈಲ್ವೆ ಗೇಟು... ಏನಂದ್ರಿ? ಇದು ಎರಡನೇ ಸಲಾನಾ? ಬೇರೆ ಕಾರು ಇರಬೇಕು ಅದು. ಹಸಿರು ಕಾರು ಊರಲ್ಲಿ ನನ್ನದೊಂದೇನಾ? ಹೂಂ, ವಾಪಸು ಹೋಗಿ ಟ್ಯಾಂಕಿನ ಹತ್ರ. ಗೊತ್ತಾಯ್ತು.

ಎಂಥ ಜನ ನೋಡು. ದಾರಿ ಕೇಳಿದ್ರೆ ಲೆಕ್ಕ ಇಡ್ತಾರೆ.

ಎಲ್ಲಿದ್ದೆ? ಹಾಂ, ಆ ಚಿತ್ರ. ಬಹುಮಾನದ ಚಿತ್ರ. ಅದರಲ್ಲೇನಿದೆ ಅಂತ ಯಾರಾದ್ರೂ ಕೇಳಬಹುದು. ನಿನ್ನ ಹೊಲಿಗೆ ಅಂಗಡಿಯ ಹಿಂದಿನ ಖಾಲಿ ಸೈಟು, ಒಡೆದ ಇಟ್ಟಿಗೆ, ಒಣ ಹುಲ್ಲು. ಒಂದು ಕಂದು ಚಿಟ್ಟೆ. ಯಾರೂ ತಿರುಗಿ ನೋಡದ ಜಾತಿ. ಅದನ್ನ ನೋಡೋಕೆ ಯಾರೂ ವಿಮಾನ ಹತ್ತಲ್ಲ. ಹುಲ್ಲಿನ ಕಡ್ಡಿಗೆ ಕಾಲು ಸಿಕ್ಕಿಸ್ಕೊಂಡು ತಲೆ ಕೆಳಗಾಗಿ ಮಲಗಿದೆ. ಮೈಮೇಲೆಲ್ಲ ಮಂಜಿನ ಹನಿ. ಕಣ್ಣಿನ ಮೇಲೂ ಒಂದು ಹನಿ, ಆ ಹನಿಯೊಳಗೆ ಇಡೀ ಸೈಟು ತಲೆಕೆಳಗಾಗಿ ಕಾಣುತ್ತೆ, ನಿನ್ನ ಅಂಗಡಿಯ ಕಿಟಕಿ ಕೂಡ. ಆ ಚಿತ್ರ ನನ್ನ ಫೋನಿಗೆ ಬಂದಾಗ ನಾನು ಒಂದು ಏರ್‌ಪೋರ್ಟಿನ ಕುರ್ಚಿಯಲ್ಲಿ ಕೂತಿದ್ದೆ. ಕಾಲು ತುಂಬಾ ಜಿಗಣೆ ಕಚ್ಚಿದ ಗಾಯ, ಹನ್ನೆರಡು ದಿನ ಕಾಡಲ್ಲಿ ಅಲೆದು ಬಂದಿದ್ದೆ. ಚಿತ್ರ ದೊಡ್ಡದು ಮಾಡಿ ನೋಡಿದೆ. ಇನ್ನೂ ದೊಡ್ಡದು ಮಾಡಿದೆ. ವಿಮಾನ ಹೊರಡೋಕೆ ನನ್ನ ಹೆಸರು ಮೈಕಲ್ಲಿ ಕೂಗ್ತಾ ಇದ್ರು, ನಾನು ಆ ಹನಿಯೊಳಗಿನ ಕಿಟಕಿ ನೋಡ್ತಾ ಇದ್ದೆ.

ಹೇಗೆ ತೆಗೆದೆಯೇ ಅಂತ ಕೇಳಿದ್ದಕ್ಕೆ ನೀನು ಬರೆದಿದ್ದು ಒಂದೇ ಸಾಲು. "ಸಂಜೆ ಎಲ್ಲಿ ಮಲಗುತ್ತೆ ಅಂತ ನೋಡಿಟ್ಕೋತೀನಿ ಅಕ್ಕ, ಬೆಳಿಗ್ಗೆ ಅಲ್ಲೇ ಇರುತ್ತೆ."

ಅಷ್ಟೇ. ಆ ಒಂದು ಸಾಲು. ಮೂವತ್ತು ವರ್ಷ ನಾನು ಚಿಟ್ಟೆ ಹಿಂದೆ ಓಡಿದ್ದೀನಿ, ಬಿಸಿಲಲ್ಲಿ, ಬೆಟ್ಟದ ಮೇಲೆ, ವೀಸಾ ಕ್ಯೂನಲ್ಲಿ. ಅದು ಎಲ್ಲಿ ಮಲಗುತ್ತೆ ಅಂತ ಒಂದು ದಿನಾನೂ ಯೋಚಿಸಲಿಲ್ಲ. ಸಂಜೆ ಆಗೋ ಹೊತ್ತಿಗೆ ನಾನು ಹೋಟೆಲಲ್ಲಿ ಬ್ಯಾಟರಿ ಚಾರ್ಜಿಗೆ ಹಾಕ್ತಾ ಇರ್ತಿದ್ದೆ. ಬೆಳಿಗ್ಗೆ ಅದು ಚಳಿಗೆ ಮರಗಟ್ಟಿ ಕೂತಿರೋವಾಗ, ಯಾರು ಬೇಕಾದ್ರೂ ಮುಖಕ್ಕೆ ಮುಖ ಇಟ್ಟು ನೋಡಬಹುದಾದ ಹೊತ್ತಲ್ಲಿ, ನಾನು ತಿಂಡಿಗೆ ಕೂತಿರ್ತಿದ್ದೆ. ನೀನು ಅಂಗಡಿ ಮುಚ್ಚಿ, ಸ್ಟೂಲು ಹಾಕ್ಕೊಂಡು, ಸುಮ್ಮನೆ ಕೂತು ನೋಡಿದೆ.

ಈ ವರ್ಷ ನಾನೂ ಕಳಿಸಿದ್ದೆ, ಗೊತ್ತಲ್ಲ. ಹದಿನಾರು ಚಿತ್ರ. ಬಂದಿದ್ದು "ಭಾಗವಹಿಸಿದ್ದಕ್ಕೆ ಧನ್ಯವಾದ." ಶಾಲೆ ಮಕ್ಕಳಿಗೆ ಕೊಡ್ತಾರಲ್ಲ, ಹಾಗೆ. ...ಯಾಕೆ ಕೈ ಮುಟ್ಟಿದೆ ಈಗ? ಗೇರ್ ಹಾಕ್ಬೇಕು, ಕೈ ತೆಗಿ. ನನಗೇನೂ ಬೇಜಾರಿಲ್ಲ.

ಸರಿ, ಈಗ ಕೆಲಸದ ಮಾತಿಗೆ ಬರೋಣ. ಟೈಮಿಲ್ಲ. ಅವರು ಮೂರು ಜನ ಇರ್ತಾರೆ. ಕೀಟಗಳ ಮೇಷ್ಟ್ರು ಒಬ್ಬರು, ಕಾರ್ಯದರ್ಶಿ, ಇನ್ನೊಬ್ಬ ಕನ್ನಡಕದವನು. ಒಂದೊಂದಾಗಿ ಕೇಳ್ತಾರೆ, ನೀನು ಉತ್ತರ ಸಿದ್ಧ ಮಾಡ್ಕೊಂಡಿರಬೇಕು. ಮೊದಲನೇದು, ಚಿಟ್ಟೆಯ ಮೀಸೆ ಎರಡೂ ಹಿಂದಕ್ಕೆ ಮಡಿಸಿಕೊಂಡಿವೆ ಯಾಕೆ? ಮಲಗಿದಾಗ ಹಾಗೇ ಮಡಿಸುತ್ತೆ ಅನ್ನು. ಎರಡನೇದು, ಒಂದು ಕಾಲು ಕಡ್ಡಿ ಬಿಟ್ಟಿದೆ, ಅದು ತಾನಾಗಿ ಕೂತಿದ್ದಾ, ಯಾರಾದ್ರೂ ಕೂರಿಸಿದ್ದಾ? ಮೂರನೇದು ಮುಖ್ಯ. ಫ್ರಿಜ್. ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ತಂದು ಹುಲ್ಲಿಗೆ ಸಿಕ್ಕಿಸಿದ್ದಲ್ಲ ಅಂತ ಹೇಗೆ ತೋರಿಸ್ತೀಯ, ಆ ಹನಿ ಮಂಜಿನದಾ, ಫ್ರಿಜ್ಜಿಂದ ತೆಗೆದಾಗ ಬೆವರೋ ನೀರಾ, ನಿನ್ನ ಅಂಗಡಿಯಲ್ಲಿ ಫ್ರಿಜ್ ಇದೆಯಾ ಇಲ್ವಾ...

ಏನು?

ಯಾಕೆ ಹಾಗೆ ನೋಡ್ತೀಯ?

ಫ್ರಿಜ್ ಅಂದಿದ್ದಕ್ಕಾ? ದೂರಿನಲ್ಲಿ ಇದೆಯಲ್ಲ. ಅವರು ನಿನಗೆ ಕಳಿಸಿದ ಕಾಗದದಲ್ಲಿ ಇದೆಯಲ್ಲ. ನೀನೇ ಮೊನ್ನೆ ತೋರಿಸಿದೆ ನನಗೆ... ಇಲ್ವಾ? ಕೊಡು ಇಲ್ಲಿ. ಇರು, ಬದಿಗೆ ನಿಲ್ಲಿಸ್ತೀನಿ.

"ನಿಮ್ಮ ಚಿತ್ರದ ಸಹಜತೆಯ ಕುರಿತು ದೂರೊಂದು ಬಂದಿರುವುದರಿಂದ, ಮೂಲ ಕಡತದೊಂದಿಗೆ ಹಾಜರಾಗಿ..." ಅಷ್ಟೇ. ಹಿಂದೆ ಏನೂ ಇಲ್ಲ. ಇನ್ನೊಂದು ಹಾಳೆ ಇತ್ತಾ ಇದರ ಜೊತೆ? ಇರಲಿಲ್ಲ.

ಊಹಿಸೋದು ಕಷ್ಟ ಏನಲ್ಲ ಕಣೇ, ಈ ದಂಧೆಯಲ್ಲಿ ದೂರು ಅಂದ್ರೆ ಸಾಮಾನ್ಯವಾಗಿ ಫ್ರಿಜ್ಜೇ. ಅರ್ಧ ಜನ ಮಾಡ್ತಾರೆ. ಹಿಡಿಯೋದು, ಡಬ್ಬಿಗೆ ಹಾಕೋದು, ತಣ್ಣಗೆ ಮಾಡೋದು, ಹೂವಿನ ಮೇಲಿಡೋದು. ಅದಕ್ಕೇ ನನಗೆ... ಅದೊಂದು ಕಾಲಿನ ವಿಷಯ... ಮೀಸೆ...

ಏನಾದ್ರೂ ಅನ್ನೇ. ಸುಮ್ಮನೆ ನೋಡಬೇಡ. ಬೈದುಬಿಡು. ಕಾಗದ ಮಡಿಸಿ ಮಡಿಸಿ ಇಡ್ತಾ ಇದ್ದೀಯಲ್ಲ, ಅದಕ್ಕಿಂತ ಒಂದು ಸಲ ಕೂಗಿಬಿಡು. ಬೀದಿಯಲ್ಲಿ ಯಾರೂ ಇಲ್ಲ.

ನಿನಗೆ ಗೊತ್ತಿತ್ತು.

ಈಗಲ್ಲ. ಮೊದಲೇ. ಕಾರು ಹತ್ತೋ ಮುಂಚೆ. ಕಾಗದ ಬಂದ ದಿನಾನೇ ಗೊತ್ತಿತ್ತು ನಿನಗೆ. ಅಲ್ವಾ? ಹೂಂ... ಗೊತ್ತಿದ್ದೂ ಬಂದು ಕೂತೆ, ನಾನು ದಾರಿ ತಪ್ಪಿಸಿ ತಪ್ಪಿಸಿ ಕರ್ಕೊಂಡು ಹೋಗೋದನ್ನ ನೋಡ್ತಾ.

ಸರಿ. ಹೌದು, ನಾನೇ. ಆ ಪತ್ರ ನಾನೇ ಬರೆದದ್ದು. ಟೈಪು ಮಾಡಿಸಿದೆ, ಸಹಿ ಹಾಕಲಿಲ್ಲ. ಹದಿನೈದು ದಿನದ ಹಿಂದೆ ಬಂದು ಬಾಗಿಲ ಕೆಳಗೆ ತಳ್ಳಿ ಹೋದೆ. ಹೊಸ ಆಫೀಸು ನೋಡಿಲ್ಲ ಅಂದೆನಲ್ಲ, ನೋಡಿದ್ದೀನಿ. ಇಲ್ಲಿಂದ ನಾಲ್ಕು ನಿಮಿಷದ ದಾರಿ. ಕಣ್ಣು ಕಟ್ಟಿ ಬಿಟ್ರೂ ಹೋಗ್ತೀನಿ. ನಾನೇನು ಯೋಚನೆ ಮಾಡಿದೆ ಗೊತ್ತಾ, ಹನ್ನೊಂದು ದಾಟಲಿ, ಅವರು ಎದ್ದು ಹೋಗಲಿ, ಅಯ್ಯೋ ಲೇಟಾಯ್ತಲ್ಲ ಅಂತ ಹೇಳೋಣ, ನಿನಗೆ ಬಹುಮಾನಾನೂ ಇಲ್ಲ, ಅವಮಾನಾನೂ ಇಲ್ಲ, ಸುಮ್ಮನೆ ಕಡತ ಮುಚ್ಚಿಹೋಗಲಿ. ಅದು ದಯೆ ಅಂದ್ಕೊಂಡಿದ್ದೆ ನಾನು. ನನ್ನ ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇದೆ ಅಂತ ನನಗೇ ನಾನು ಹೇಳ್ಕೊಂಡಿದ್ದೆ.

ಕೇಳು. ಪತ್ರದಲ್ಲಿ ನಾನು ಬರೆದಿರೋದೆಲ್ಲ ಸುಳ್ಳು ಅಂತ ಬರೆಯೋವಾಗಲೇ ನನಗೆ ಗೊತ್ತಿತ್ತು. ನಿನ್ನ ಚಿತ್ರದಲ್ಲಿ ಹನಿ ಬರೀ ಚಿಟ್ಟೆ ಮೇಲಿಲ್ಲ, ಹುಲ್ಲಿನ ಮೇಲೂ ಇದೆ, ಹಿಂದೆ ಒಂದು ಜೇಡದ ಎಳೆ ಇದೆ, ಅದರ ಮೇಲೂ ಸಾಲಾಗಿ ಇದೆ. ಫ್ರಿಜ್ಜಿನ ನೀರು ಜೇಡದ ಎಳೆಗೆ ಹೋಗಿ ಕೂರುತ್ತಾ? ಮೂವತ್ತು ವರ್ಷ ಮಾಡಿದ ಕೆಲಸ ಇದು, ನನ್ನ ಕಣ್ಣಿಗೆ ಅದು ಬೀಳಲ್ವಾ? ಬಿದ್ದಿತ್ತು. ಗೊತ್ತಿದ್ದೇ ಬರೆದೆ.

ಮತ್ತೆ ಫ್ರಿಜ್ ವಿಷಯ... ನೀನು ಅದನ್ನ ಹೇಳೋದೇ ಇಲ್ಲ ಅಲ್ವಾ? ಹತ್ತು ವರ್ಷ ಆಯ್ತು. ಒಂದು ಸಲ ನಿನ್ನ ಗಂಡನಿಗೆ ಹೇಳಿದ್ದೀಯಾ? ಅತ್ತೆಗೆ? ಇಲ್ಲ. ನನಗೂ ಹೇಳಿ ತೋರಿಸಲಿಲ್ಲ.

ಆವತ್ತು... ಮಾರನೇ ದಿನ ಬೆಳಿಗ್ಗೆ ನನಗೆ ವಿಮಾನ ಇತ್ತು. ಸ್ಪರ್ಧೆಗೆ ಕಳಿಸೋಕೆ ಅದೇ ಕೊನೇ ದಿನ. ನಿನ್ನ ಅಡುಗೆಮನೆಯ ಫ್ರಿಜ್, ಮೇಲಿನ ತಟ್ಟೆ, ಸ್ಟೀಲ್ ಡಬ್ಬಿ. ಅದರಲ್ಲಿ ನೀಲಿ ಚಿಟ್ಟೆ. ಹತ್ತು ನಿಮಿಷ ಸಾಕು ಅಂದಿದ್ದೆ. ಆಮೇಲೆ ಪತ್ರಿಕೆಯವರು ಫೋನ್ ಮಾಡಿದ್ರು, ಮಾತಿಗೆ ಕೂತೆ, ಒಂದೂವರೆ ಗಂಟೆ. ಡಬ್ಬಿ ನೆನಪಾದಾಗ ಓಡಿ ಬಂದು ಬಿಳಿ ಹೂವಿನ ಮೇಲಿಟ್ಟೆ, ನೀನು ಬಿಳಿ ಬಟ್ಟೆ ಹಿಡಿದು ಬೆಳಕು ತಿರುಗಿಸಿದೆ, ನಾನು ಎಂಟು ಚಿತ್ರ ತೆಗೆದೆ. ಎಂಟನೇದು ತೆಗೆಯೋ ಹೊತ್ತಿಗೆ ಅದು ಪಕ್ಕಕ್ಕೆ ವಾಲಿತು. ನಾನು ಕ್ಯಾಮೆರಾ ಚೀಲಕ್ಕೆ ಹಾಕ್ಕೊಂಡು ಹೋದೆ. ನೀನು ಅದನ್ನ ಅಂಗೈ ಮೇಲಿಟ್ಕೊಂಡು ಮೆಟ್ಟಿಲ ಮೇಲೆ ಬಿಸಿಲಲ್ಲಿ ಕೂತೆ. ನಾನು ಬ್ಯಾಗು ತುಂಬಿ ಮುಗಿಸಿ ಕಿಟಕಿಯಿಂದ ನೋಡಿದಾಗಲೂ ಅಲ್ಲೇ ಕೂತಿದ್ದೆ, ಕೈ ಚಾಚಿಕೊಂಡು. ಅದು ಏಳಲಿಲ್ಲ.

ಆ ಚಿತ್ರಕ್ಕೇ ನನಗೆ ಮೊದಲ ಬಹುಮಾನ. ಸಹಜ ನೆಲೆ ವಿಭಾಗ. ಆಮೇಲೆ ನನ್ನ ವರ್ಕ್‌ಶಾಪು, ನನ್ನ ವಿದೇಶ ಪ್ರವಾಸ, ಎಲ್ಲಾ ಅದರ ಹಿಂದೆ ಬಂದಿದ್ದು. ಈಗಲೂ ಅವರ ಆಫೀಸಿನ ಗೋಡೆ ಮೇಲೆ ಅದೇ ಇದೆ, ನನ್ನ ಹೆಸರಿನ ಜೊತೆ. ನೀನು ಒಂದು ಮಾತು ಅಂದಿದ್ರೆ ಸಾಕಿತ್ತು. ಈ ಕಾಗದ ಬಂದ ಮೇಲಾದ್ರೂ, ನಿನ್ನ ತಲೆ ಉಳಿಸ್ಕೊಳ್ಳೋಕಾದ್ರೂ. ಫ್ರಿಜ್ಜಿನ ಬುದ್ಧಿ ಯಾರದು ಅಂತ ಒಂದು ಮಾತು.

...ಅಳಬೇಡ್ವೇ. ನೀನು ಯಾಕೆ ಅಳ್ತೀಯ? ನಾನು ಅಳಬೇಕು. ನನಗೆ ಅಳು ಬರ್ತಾ ಇಲ್ಲ. ನಿಜ ಹೇಳ್ಲಾ, ಈಗಲೂ, ಇಷ್ಟೆಲ್ಲ ಹೇಳಿದ ಮೇಲೂ, ಆ ಲಕೋಟೆಯೊಳಗಿನ ಚಿತ್ರ ನೆನಪಾದ್ರೆ ಇಲ್ಲಿ, ಎದೆಯ ಕೆಳಗೆ, ಉರಿಯುತ್ತೆ. ಅದು ಹೋಗಲ್ಲ ಅಂತ ಕಾಣುತ್ತೆ. ಅದನ್ನ ಹೊಟ್ಟೆಯಲ್ಲಿಟ್ಕೊಂಡೇ ನಡೀಬೇಕು.

ಕಣ್ಣು ಒರೆಸ್ಕೋ. ಬೆಲ್ಟು ಹಾಕ್ಕೋ. ಹತ್ತೂ ಐವತ್ತು. ಹೇಳಿದೆನಲ್ಲ, ನಾಲ್ಕು ನಿಮಿಷ.

ಬಂತು, ಇದೇ. ಕೆಳಗೆ ಪ್ರಿಂಟಿಂಗ್ ಪ್ರೆಸ್ಸು, ಮೇಲೆ ಸಂಘ. ಇಳಿ. ಲಕೋಟೆ ತಗೋ. ಇಲ್ಲ, ನೀನು ನನ್ನ ಹಿಂದೆ ಬಾ, ಮೊದಲು ನಾನು ಹೋಗ್ತೀನಿ. ಕೈ ಬಿಡು. ತಡೀಬೇಡ ನನ್ನನ್ನ. ಹತ್ತು ವರ್ಷ ನಿನ್ನ ಬಾಯಿ ಮುಚ್ಚಿಸಿ ಇಟ್ಟಿದ್ದೀನಿ, ಅದನ್ನ ತೀರಿಸದೆ ಈ ಮೆಟ್ಟಿಲು ಇಳಿಯಲ್ಲ ನಾನು.

ನಮಸ್ಕಾರ ಮೇಷ್ಟ್ರೇ. ನಮಸ್ಕಾರ. ಹೌದು, ನೀವು ಕರೆದಿರೋದು ಇವಳನ್ನೇ. ಇವಳು ನನ್ನ ಓರಗಿತ್ತಿ. ಇವಳು ಆಮೇಲೆ ಮಾತಾಡ್ತಾಳೆ, ಮಾತಾಡಿದ್ರೆ. ಕುರ್ಚಿ ಬೇಡ, ನಿಂತೇ ಹೇಳ್ತೀನಿ. ಕಾರ್ಯದರ್ಶಿಗಳೇ, ಆ ದೂರಿನ ಪತ್ರ ತೆಗೀರಿ. ಟೈಪು ಮಾಡಿದ್ದು. ಕೆಳಗೆ ಸಹಿ ಇಲ್ಲ ಅಲ್ವಾ? ಒಂದು ಪೆನ್ನು ಕೊಡಿ.

...ಇಗೋ. ಓದ್ಕೊಳ್ಳಿ. ಹೌದು, ನನ್ನದೇ ಸಹಿ. ಬರೆದಿರೋ ಮೂರು ವಿಷಯಾನೂ ಸುಳ್ಳು. ಬೇಕಿದ್ರೆ ಮೂಲ ಚಿತ್ರ ದೊಡ್ಡದು ಮಾಡಿ, ಬಲಗಡೆ ಮೇಲೆ ಒಂದು ಜೇಡದ ಎಳೆ ಇದೆ, ಅದರ ಮೇಲಿನ ಹನಿ ಎಣಿಸಿ. ಫ್ರಿಜ್ಜಲ್ಲಿಟ್ಟ ಚಿಟ್ಟೆ ಯಾವುದು ಅಂತ ಕೇಳ್ತೀರಾ? ನಿಮ್ಮ ಹಿಂದೇನೇ ಇದೆ. ಆ ನೀಲಿದು. ಹೌದು, ನನ್ನದು. ಅದು ಹಾರಲೂ ಇಲ್ಲ ಆಮೇಲೆ. ಹತ್ತು ವರ್ಷ ನೀವೆಲ್ಲ ಒಂದು ಸತ್ತ ಚಿಟ್ಟೆಯ ಕೆಳಗೆ ಕೂತು ಮೀಟಿಂಗ್ ಮಾಡಿದ್ದೀರಿ.

ಒಂದು ಸ್ಟೂಲ್ ಇದೆಯಾ? ಬೇಡ ಸಾರ್, ಜವಾನರನ್ನ ಕರೀಬೇಡಿ. ಆ ಫೋಟೋ ನಾನೇ ಇಳಿಸ್ತೀನಿ.

ಅಲ್ಲಾಡ್ತಾ ಇದೆ ಇದು... ಆಯ್ತು, ಇವಳು ಹಿಡ್ಕೊಂಡ್ಲು. ನೀವ್ಯಾರೂ ಏಳಬೇಡಿ.

ಗಟ್ಟಿಯಾಗಿ ಹಿಡ್ಕೋ. ದಾರ ಮೊಳೆಗೆ ಸಿಕ್ಕಿಕೊಂಡಿದೆ. ...ಬಂತು. ತಗೋ, ಭಾರ ಇದೆ, ಎರಡೂ ಕೈಯಲ್ಲಿ. ಕೆಳಗಿಡು. ಮುಖ ಗೋಡೆ ಕಡೆಗೆ.